ಸಾಕ್ಷಿ ಹೇಳಲು ಹೊರಟ ಡ್ರೈವಿಂಗ್ ಮೇಷ್ಟ್ರು

ನಮ್ಮ ಕ್ರೈಸ್ತ ಸಭೆಯ ಪಾಸ್ಟರ್ ಹತ್ತು ವಾರಗಳ ಸತ್ಯವೇದ, ಅಂದರೆ ಬೈಬಲ್, ತರಗತಿ ನಡೆಸುತ್ತೇನೆಂದು ಹೇಳಿದಾಗ ಮೊದಲು ಕೈ ಎತ್ತಿದವನು ನಾನು. ಓದಬೇಕೆಂಬ ಹಸಿವಿನಿಂದ ಎತ್ತಿದೆ ಎಂದರೆ ಸುಳ್ಳಾಗುತ್ತದೆ. ಪಕ್ಕದ ಸಾಲಿನಲ್ಲಿದ್ದ ದರ್ಜಿಯ ಕೈ ಅರ್ಧ ಮೇಲೆದ್ದದ್ದು ಕಣ್ಣಿಗೆ ಬಿತ್ತು, ಅಷ್ಟೇ.

ತರಗತಿಯ ಉದ್ದೇಶ ಸರಳವಾಗಿತ್ತು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಕೂತು ಓದಬೇಕು, ಓದಿದ್ದನ್ನು ತಿಳಿದುಕೊಳ್ಳಬೇಕು, ಆಮೇಲೆ ನಮ್ಮ ನಂಬಿಕೆಯನ್ನು ಹೊರಗಿನವರೊಬ್ಬರ ಜೊತೆಗಾದರೂ ಹಂಚಿಕೊಳ್ಳಬೇಕು, ಸಭೆಯ ಭಾಷೆಯಲ್ಲಿ ಸಾಕ್ಷಿ ಹೇಳಬೇಕು. ಹತ್ತನೆಯ ವಾರ ಬಂದು ಏನಾಯಿತೆಂದು ಎಲ್ಲರ ಮುಂದೆ ಹೇಳಬೇಕು. ಉಳಿದವರು ಕೇಳುವವರು ಎಲ್ಲಿ ಸಿಗುತ್ತಾರೋ ಎಂದು ಚಿಂತೆಗೆ ಬಿದ್ದರು. ನನಗೆ ಆ ಚಿಂತೆಯೇ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾನು ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ನನ್ನ ಕೇಳುಗರು ಸೀಟ್ ಬೆಲ್ಟ್ ಬಿಗಿದುಕೊಂಡು ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಎದ್ದು ಹೋಗುವಂತಿಲ್ಲ, ಎದ್ದು ಹೋಗಲು ನೋಡಿದರೆ ನನ್ನ ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇದೆ.

ಸತ್ಯವೇದದ ವಚನಗಳನ್ನು ಸಣ್ಣ ಸಣ್ಣ ಚೀಟಿಗಳಲ್ಲಿ ಬರೆದು, ರಬ್ಬರ್ ಬ್ಯಾಂಡ್ ಹಾಕಿ, ಕಾರಿನಲ್ಲಿ ಬಿಸಿಲು ತಡೆಯುವ ಹಲಗೆಯ ಹಿಂದೆ ಸಿಕ್ಕಿಸಿದೆ. ಮೂರು ವಾರದಲ್ಲಿ ಅರವತ್ತು ವಚನಗಳು ಅಧ್ಯಾಯ, ಸಂಖ್ಯೆ ಸಮೇತ ಬಾಯಿಪಾಠವಾದವು. ತರಗತಿಯಲ್ಲಿ ಯಾರಾದರೂ ಸಂಖ್ಯೆ ತಪ್ಪು ಹೇಳಿದರೆ ನಾನು ಮೆಲ್ಲಗೆ ಕೆಮ್ಮುತ್ತಿದ್ದೆ. ಪಾಸ್ಟರ್ ಒಂದು ದಿನ, "ಸಂಖ್ಯೆ ಹಾಗಿರಲಿ, ಆ ವಚನದ ಹಿಂದಿನ ಪುಟ ಮುಂದಿನ ಪುಟ ಓದಿದ್ದೀರಾ?" ಎಂದು ಕೇಳಿದರು. ಬುದ್ಧಿಮಾತು ದರ್ಜಿಗೆ ಹೇಳಿದ್ದು ಎಂದುಕೊಂಡು ನಾನು ಗಂಭೀರವಾಗಿ ತಲೆಯಾಡಿಸಿದೆ.

ನನ್ನ ಮೊದಲ ಕೇಳುಗ ಒಬ್ಬ ಬೇಕರಿಯವನು. ಬ್ರೆಡ್ ಸಾಗಿಸಲು ಕಾರು ಕಲಿಯಲು ಬಂದಿದ್ದ. ಮಾತು ಶುರು ಮಾಡಲು ತಟ್ಟನೆ ಮನಸ್ಸಿಗೆ ನಾಟುವ ಪ್ರಶ್ನೆಯೊಂದು ಬೇಕೆಂದು ಎಲ್ಲೋ ಕೇಳಿದ್ದೆ. ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಅವನು ಬೆವರುತ್ತಾ ತಿರುಗಿಸುತ್ತಿದ್ದಾಗ ಕೇಳಿದೆ: "ನೀವು ಈ ಕ್ಷಣವೇ ಸತ್ತುಹೋದ್ರೆ ಎಲ್ಲಿಗೆ ಹೋಗ್ತೀರಿ?"

ಅವನು ಎರಡೂ ಕಾಲಿನಿಂದ ಬ್ರೇಕ್ ತುಳಿದ. "ಲಾರಿ ಬರ್ತಾ ಇದೆಯಾ ಸಾರ್? ಯಾವ ಕಡೆಯಿಂದ?"

ಮರುದಿನದಿಂದ ಅವನು ಬೇರೆ ಡ್ರೈವಿಂಗ್ ಶಾಲೆಗೆ ಸೇರಿಕೊಂಡ. ಎರಡನೆಯವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ನಾನು ಹೇಳಿದ್ದಕ್ಕೆಲ್ಲ ಐದು ದಿನ "ಹೂಂ ಸಾರ್, ಹೌದು ಸಾರ್" ಎಂದಳು. ಅವಳ ವಿಷಯವನ್ನು ಸಭೆಯಲ್ಲಿ ಹೇಗೆ ವಿನಯದಿಂದ ಹೇಳಬೇಕೆಂದು ನಾನು ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದೆ. ಆರನೆಯ ದಿನ ಅವಳು, "ಸಾರ್, ಓಡಿಸುವಾಗ ನೀವು ಏನೋ ಹೇಳ್ತಾ ಇರ್ತೀರಲ್ಲ, ಅದು ಗೇರಿನ ಬಗ್ಗೆನಾ? ನನಗೆ ಭಯಕ್ಕೆ ಏನೂ ಕೇಳ್ಸಲ್ಲ" ಎಂದಳು.

ಹೆಂಡತಿಗೆ ಹೇಳಿಕೊಂಡೆ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಯಂತ್ರಗಳ ಸದ್ದಿನಲ್ಲಿರುವುದರಿಂದಲೋ ಏನೋ ಮಾತು ಕಡಿಮೆ. "ಪಾಪ ರೀ, ಅವರನ್ನ ಮೊದಲು ಜೀವಸಹಿತ ಮನೆಗೆ ಹೋಗೋಕೆ ಬಿಡಿ" ಎಂದಳು.

ಐದನೆಯ ವಾರ ಟೀಚರಮ್ಮ ಬಂದರು. ಅರವತ್ಮೂರು ವರ್ಷ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಮನೆಯಲ್ಲಿ ಕಾರು ಓಡಿಸುತ್ತಿದ್ದ ಗಂಡನಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ವಾರಕ್ಕೊಮ್ಮೆ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಹಾಗಾಗಿ ಈಕೆ ಕಲಿಯಲು ಹೊರಟಿದ್ದರು. ನನ್ನನ್ನು ಮೊದಲ ದಿನದಿಂದಲೇ "ಮೇಷ್ಟ್ರೇ" ಎಂದು ಕರೆದರು. ಗಣಿತದ ಟೀಚರ್ ಬಾಯಲ್ಲಿ ಮೇಷ್ಟ್ರೇ ಎನಿಸಿಕೊಂಡು, ಎಂಟನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಡುಮ್ಕಿ ಹೊಡೆದ ನಾನು ಸೀಟಿನಲ್ಲಿ ಎರಡಂಗುಲ ಎತ್ತರ ಕೂತೆ.

ಅವರಿಗೆ ಭಯವಿರಲಿಲ್ಲ. ಗಾಡಿ ಆಮೆಯಂತೆ ಓಡಿಸುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಮೂರನೆಯ ದಿನ ಧೈರ್ಯ ಮಾಡಿ ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಒಂದು ಪುಟ್ಟ ಪುಸ್ತಕ ಕೊಟ್ಟೆ. ಕೊಟ್ಟರೆ ಯಾರೂ ಓದುವುದಿಲ್ಲ ಎಂಬುದು ನನ್ನ ಅನುಭವ. ಇವರು ನಾಲ್ಕೇ ದಿನದಲ್ಲಿ ಯೇಸುವಿನ ಜೀವನ ಹೇಳುವ ಮೊದಲೆರಡು ಸುವಾರ್ತೆ ಮುಗಿಸಿ, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡು ಬಂದರು.

"ಮೇಷ್ಟ್ರೇ, ಈ ಅಂಜೂರದ ಮರದ ತಪ್ಪೇನು?"

"ಯಾವ ಅಂಜೂರದ ಮರ?"

"ಹಣ್ಣು ಇಲ್ಲ ಅಂತ ಯೇಸು ಶಾಪ ಕೊಟ್ಟಿದ್ದು. ಅದು ಹಣ್ಣಿನ ಕಾಲವೇ ಅಲ್ಲ ಅಂತ ಇಲ್ಲೇ ಬರೆದಿದ್ದಾರೆ."

ನನ್ನ ಅರವತ್ತು ಚೀಟಿಗಳಲ್ಲಿ ಒಂದರಲ್ಲೂ ಅಂಜೂರದ ಮರವಿರಲಿಲ್ಲ. "ಅದು ಮುಂದಿನ ಪಾಠ" ಎಂದೆ. "ಈಗ ಮೂರನೇ ಗೇರ್ ಹಾಕಿ."

ಅಲ್ಲಿಂದ ನನ್ನ ಫಜೀತಿ ಶುರುವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಟೀಚರಮ್ಮ ಇವತ್ತು ಏನು ಕೇಳಬಹುದು ಎಂದು ಓದತೊಡಗಿದೆ. ಅವರು ಒಂದು ದಿನಕ್ಕೆ ಹತ್ತು ಅಧ್ಯಾಯ ಓದಿದರೆ ನನಗೆ ನಾಲ್ಕು ಸಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದ ನಾನು ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಒಂದು ಸುವಾರ್ತೆಯನ್ನು ಆದಿಯಿಂದ ಅಂತ್ಯದವರೆಗೆ ಓದಿದೆ, ಅದೂ ಒಬ್ಬ ನಿವೃತ್ತ ಟೀಚರಿಗೆ ಹೆದರಿ. ಅಂಜೂರದ ಮರದ ವಿಷಯ ಪಾಸ್ಟರ್ ಹತ್ತಿರ ಕೇಳಿದೆ. ಅವರು ಒಂದಷ್ಟು ವಿವರಿಸಿ, "ನನಗೂ ಪೂರ್ತಿ ಗೊತ್ತಾಗಿಲ್ಲಪ್ಪ" ಎಂದರು. ಹಾಗೆ ಹೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

"ಪರೀಕ್ಷೆ ಅವರಿಗಾ ನಿಮಗಾ?" ಎಂದು ಹೆಂಡತಿ ಕೇಳಿದಳು.

ಏಳನೆಯ ವಾರದ ಒಂದು ಬೆಳಿಗ್ಗೆ ಶತ್ರುಗಳನ್ನು ಪ್ರೀತಿಸುವುದರ ಬಗ್ಗೆ ಟೀಚರಮ್ಮನಿಗೆ ಹೇಳುತ್ತಿದ್ದೆ. ಚೆನ್ನಾಗಿಯೇ ಬರುತ್ತಿತ್ತು, ಧ್ವನಿ ಕೂಡ ಸ್ವಲ್ಪ ನಡುಗಿಸಿದೆ. ಅಷ್ಟರಲ್ಲಿ ಒಂದು ವ್ಯಾನು ಹಾರ್ನ್ ಕೂಡ ಮಾಡದೆ ನಮ್ಮ ಮುಂದೆ ನುಗ್ಗಿತು. ಬ್ರೇಕ್ ತುಳಿದೆ. ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಆ ವ್ಯಾನಿನವನನ್ನೂ, ಅವನನ್ನು ಹೆತ್ತವರನ್ನೂ, ಅವನಿಗೆ ಲೈಸೆನ್ಸ್ ಕೊಟ್ಟ ಅಧಿಕಾರಿಯನ್ನೂ ಒಬ್ಬೊಬ್ಬರಾಗಿ ವಿಚಾರಿಸಿಕೊಂಡೆ. ಬೈಗುಳ ಯಾವ ಚೀಟಿಯ ಸಹಾಯವೂ ಇಲ್ಲದೆ ನೀರು ಹರಿದಂತೆ ಬಂತು.

ಟೀಚರಮ್ಮ ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಕಾರನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದರು. ಅಷ್ಟು ಚೊಕ್ಕವಾಗಿ ಅವರು ಅದಕ್ಕೆ ಮುಂಚೆ ನಿಲ್ಲಿಸಿರಲಿಲ್ಲ. ಆಮೇಲೆ ಕೈಚೀಲದಿಂದ ಪುಸ್ತಕ ತೆಗೆದು, "ಇದು ಯಾವ ಅಧ್ಯಾಯದಲ್ಲಿದೆ ಮೇಷ್ಟ್ರೇ?" ಎಂದರು.

ನನ್ನ ಕಿವಿ ಬಿಸಿಯಾಯಿತು. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ಬೇಜಾರು ಮಾಡ್ಕೋಬೇಡಿ. ನಾನೂ ಕ್ಲಾಸಲ್ಲಿ ಡಸ್ಟರ್ ಎಸೆದವಳೇ. ಆದ್ರೆ ಒಂದು ಮಾತು ಹೇಳ್ತೀನಿ. ಬೋರ್ಡ್ ಮೇಲೆ ಬರೀ ಸೂತ್ರ ಬರೆದ್ರೆ ಮಕ್ಕಳಿಗೆ ಹತ್ತಲ್ಲ. ಒಂದು ಲೆಕ್ಕ ಮಾಡಿ ತೋರಿಸ್ಬೇಕು. ಇದರಲ್ಲಿ ನೀವು ಮಾಡಿ ನೋಡಿದ್ದು ಯಾವುದಾದ್ರೂ ಒಂದು ಹೇಳಿ." ಪುಟ ತಿರುವಿದರು. "ಇದು ಸುಲಭದ್ದು ಅನ್ಸುತ್ತೆ. ದೇವರಿಗೆ ಕಾಣಿಕೆ ತಂದವನಿಗೆ, ಒಡಹುಟ್ಟಿದವನು ತನ್ನ ಮೇಲೆ ಬೇಸರ ಇಟ್ಕೊಂಡಿದ್ದಾನೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿ ಆಗ್ಬೇಕಂತೆ. ನಿಮಗೆ ಅಣ್ಣ ತಮ್ಮ ಇದ್ದಾರಾ?"

"ಒಬ್ಬ ತಮ್ಮ ಇದ್ದಾನೆ."

"ಚೆನ್ನಾಗಿದ್ದೀರಾ?"

"ಹ್ಯಾಂಡ್‌ಬ್ರೇಕ್ ಇಳಿಸಿ. ಮುಂದೆ ಬಲಕ್ಕೆ ತಿರುಗಿಸಿ" ಎಂದೆ.

"ಎಡಕ್ಕೆ ಹೋದ್ರೆ ಹತ್ತಿರ ಅಲ್ವಾ? ದಿನಾ ಸುತ್ತು ಹಾಕಿಸ್ತೀರಿ."

ಎಡಕ್ಕೆ ಹೋದರೆ ತಮ್ಮನ ಅಂಗಡಿ ಸಿಗುತ್ತದೆ. ಗಾಡಿ ನೇರ ಓಡುವಂತೆ ಚಕ್ರದ ಅಲೈನ್‌ಮೆಂಟ್ ಮಾಡುವ ಅಂಗಡಿ. ಆರು ವರ್ಷದಿಂದ ನಾನು ಯಾವ ಕಲಿಯುವವರನ್ನೂ ಆ ರಸ್ತೆಗೆ ಕರೆದೊಯ್ದಿರಲಿಲ್ಲ.

ನಡೆದದ್ದು ಇಷ್ಟು. ಆರು ವರ್ಷದ ಹಿಂದೆ ತಮ್ಮ ನಮ್ಮ ಸಭೆಗೆ ಸೇರದ ಹುಡುಗಿಯನ್ನು ಮದುವೆಯಾದ. ನಾನು ಮದುವೆಗೆ ಹೋಗಲಿಲ್ಲ, ಹೆಂಡತಿಯನ್ನೂ ಬಿಡಲಿಲ್ಲ. ಬದಲಿಗೆ ಅಣ್ಣನ ಕರ್ತವ್ಯವೆಂದು ಒಂದು ಕಾಗದ ಬರೆದೆ. ಅದರಲ್ಲಿ ಹನ್ನೊಂದು ವಚನಗಳಿದ್ದವು. ಎಲ್ಲವನ್ನೂ ವಿಷಯಸೂಚಿ ನೋಡಿ ಹೆಕ್ಕಿದ್ದೆ, ಒಂದರ ಸುತ್ತಲಿನ ಪುಟವನ್ನೂ ಓದಿರಲಿಲ್ಲ. ಕೆಳಗೆ "ಪ್ರೀತಿಯಿಂದ" ಎಂದು ಸಹಿ ಬೇರೆ ಹಾಕಿದ್ದೆ.

ಆ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ, "ಹೋಗಿ ಬರೋಣ ಅಂತಿದ್ದೀನಿ. ವಚನದಲ್ಲಿ ಹಾಗಿದೆ" ಎಂದೆ. ಅವಳು ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. "ಆರು ವರ್ಷದಿಂದ ನಾನೂ ಅದನ್ನೇ ಹೇಳಿದ್ದು. ತಮ್ಮನ ಮನೆಗೆ ಹೋಗೋಕೆ ವಚನ ಬೇರೆ ಬೇಕಿತ್ತಾ ನಿಮಗೆ?"

ಮರುದಿನ ಮಧ್ಯಾಹ್ನ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ಮುನ್ನುಡಿ, ಮುಖ್ಯ ವಿಷಯ, ಮುಕ್ತಾಯ ಎಲ್ಲ ಸಿದ್ಧವಾಗಿತ್ತು. ತಮ್ಮ ಒಂದು ಗಾಡಿಯ ಕೆಳಗಿನಿಂದ ಎದ್ದು ಬಂದು, ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದ. ತಲೆ ನರೆತಿತ್ತು. ಅದು ನನಗೆ ಗೊತ್ತಿರಲಿಲ್ಲ. ನನ್ನ ಮಾತುಗಳೆಲ್ಲ ಎಲ್ಲಿ ಹೋದವೋ. "ಗಾಡಿ ಎಡಕ್ಕೆ ಎಳೀತಾ ಇದೆ" ಎಂದೆ.

ಅವನು ಕಾರನ್ನು ಮೇಲೆತ್ತಿದ. ಒಂದು ಗಂಟೆ ಕೆಲಸ ಮಾಡಿದ. ನಾನು ಹಳೇ ಟೈರುಗಳ ಗುಡ್ಡೆಯ ಮೇಲೆ ಕೂತು ನೋಡುತ್ತಿದ್ದೆ. ಕೊನೆಗೆ ಅವನ ಬೆನ್ನು ನನ್ನ ಕಡೆಗಿದ್ದಾಗ, "ನಿನ್ನ ಮದುವೆಗೆ ನಾನು ಬರಬೇಕಿತ್ತು ಕಣೋ" ಎಂದೆ.

ಸ್ಪ್ಯಾನರ್ ತಿರುಗಿಸುವುದು ನಿಂತಿತು. "ಊಟ ಚೆನ್ನಾಗಿತ್ತು" ಎಂದ. ಇನ್ನೊಂದು ನಟ್ಟು ಬಿಗಿದು, "ಅಮ್ಮನ ಪಕ್ಕದ ಕುರ್ಚಿ ಖಾಲಿ ಇತ್ತು. ಎಲ್ರೂ ಕೇಳ್ತಿದ್ರು" ಎಂದ.

"ಆ ಕಾಗದ ಹರಿದುಹಾಕಿಬಿಡು."

"ನನ್ನ ಹತ್ರ ಎಲ್ಲಿದೆ ಅಣ್ಣ? ಅವಳು ಇಟ್ಕೊಂಡಿದ್ದಾಳೆ. ಅಕ್ಷರ ದುಂಡಗಿದೆ ಅಂತಾಳೆ."

ಮನೆ ಅಂಗಡಿಯ ಹಿಂದೆಯೇ. ಒಳಗೆ ಕರೆದ. ಆರು ವರ್ಷದಲ್ಲಿ ನಾನು ಮುಖವನ್ನೇ ನೋಡದ ತಮ್ಮನ ಹೆಂಡತಿ ಬಂದು, "ಬನ್ನಿ ಭಾವ, ಕೂತ್ಕೊಳ್ಳಿ" ಎಂದಳು. ಚಹಾ ಕೊಟ್ಟಳು. ಅಕ್ಕನನ್ನು ಯಾಕೆ ಕರೆತರಲಿಲ್ಲ ಎಂದು ಕೇಳಿದಳು. ಕೋಪದ ಸುಳಿವೇ ಇರಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

"ನಿಮ್ಮ ಕಾಗದ ಓದಿದ್ದೆ ಭಾವ" ಎಂದಳು. "ಇವರ ಹತ್ರ ಇದ್ದ ಸತ್ಯವೇದದಲ್ಲಿ ಆ ಹನ್ನೊಂದನ್ನೂ ಹುಡುಕಿ ನೋಡಿದೆ. ಎಲ್ಲದರಲ್ಲೂ ಬೈಗುಳವೇ ಇತ್ತು. ಇಷ್ಟು ಬೈಯೋ ದೇವರು ಅಂತ ಹೆದರಿ ಆಮೇಲೆ ಅದನ್ನ ಮುಟ್ಟಲಿಲ್ಲ."

ಚಹಾ ಲೋಟ ಕೆಳಗಿಟ್ಟೆ. ಬೇಕರಿಯವನಿಗೂ ಬ್ಯಾಂಕಿನ ಹುಡುಗಿಗೂ ನಂಬಿಕೆ ಹಂಚಲು ನಾನು ಎಷ್ಟು ಪಾಡುಪಟ್ಟಿದ್ದೆ. ಇಲ್ಲಿ ಯಾವ ತರಗತಿಯೂ ಇಲ್ಲದೆ, ಒಂದೇ ಒಂದು ಕಾಗದದಲ್ಲಿ ಒಬ್ಬಳಿಗೆ ಪೂರ್ತಿ ಹಂಚಿಬಿಟ್ಟಿದ್ದೆ. ಅವಳು ನಂಬಿಯೂ ಇದ್ದಳು.

"ತಪ್ಪಾಯ್ತಮ್ಮ" ಎಂದೆ. ಮುನ್ನುಡಿಯಾಗಲಿ ಮುಕ್ತಾಯವಾಗಲಿ ಬರಲಿಲ್ಲ. ಕಣ್ಣು ತುಂಬಿತು. ಈ ಸಲ ನಾನು ಏನನ್ನೂ ಬೇಕೆಂದೇ ನಡುಗಿಸಿರಲಿಲ್ಲ.

ಅವಳಿಗೆ ಏನು ಮಾಡಬೇಕೆಂದು ತೋಚದೆ ಇನ್ನೊಂದು ಲೋಟ ಚಹಾ ತಂದಳು. "ಬೈಗುಳ ಬಿಟ್ಟು ಬೇರೆ ಏನಾದ್ರೂ ಇದೆಯಾ ಭಾವ ಅದರಲ್ಲಿ?"

"ಇದೆ" ಎಂದೆ. "ನಾನೂ ಈಗ ಓದ್ತಾ ಇದ್ದೀನಿ. ಅರ್ಧಕ್ಕೆ ಬಂದಿದ್ದೀನಿ." ಅಷ್ಟಕ್ಕೇ ನಿಲ್ಲಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಸರಿಯಾದ ಸಮಯಕ್ಕೆ ಬ್ರೇಕ್ ಹಾಕಿದ್ದು ಅದೇ ಮೊದಲೇನೋ.

ಹತ್ತನೆಯ ವಾರ ತರಗತಿಯಲ್ಲಿ ದರ್ಜಿ ಎದ್ದು ನಿಂತು, ಏಳು ಜನರೊಂದಿಗೆ ಮಾತಾಡಿದ್ದಾಗಿ ಹೇಳಿದ. ನನ್ನ ಸರದಿ ಬಂದಾಗ ಕಾಗದದ ಕಥೆಯನ್ನು ಹೇಳಿದೆ. ಯಾರೂ ಕೆಮ್ಮಲಿಲ್ಲ. ಪಾಸ್ಟರ್, ಮುಂದಿನ ತಿಂಗಳು ಇನ್ನೊಂದು ತರಗತಿ ಇದೆ, ಬರುತ್ತೀರಾ ಎಂದು ಮಾತ್ರ ಕೇಳಿದರು. ಕೈ ಎತ್ತಿದೆ, ಆದರೆ ಸ್ವಲ್ಪ ತಡವಾಗಿ.

ಟೀಚರಮ್ಮ ಎರಡನೆಯ ಸಲಕ್ಕೆ ಪರೀಕ್ಷೆ ಪಾಸಾದರು. ಈಗ ಗಂಡನನ್ನು ತಾವೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಸಭೆಗೇನೂ ಸೇರಲಿಲ್ಲ. ಆದರೆ ಗಂಡನ ಕಣ್ಣಿಗೆ ಔಷಧಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರಲ್ಲ, ಆಗ ಪುಸ್ತಕ ಅವರಿಗೆ ಓದಿ ಹೇಳುತ್ತಾರಂತೆ. ಓದಿದ್ದರ ಅರ್ಥದ ಬಗ್ಗೆ ಇಬ್ಬರಿಗೂ ಜಗಳ ಬಿದ್ದಾಗ ನನಗೆ ಫೋನು ಬರುತ್ತದೆ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಎರಡನೆಯದೇ ಹೆಚ್ಚು.

ಕಳೆದ ಭಾನುವಾರ ತಮ್ಮ, ಅವನ ಹೆಂಡತಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಹೆಂಡತಿ ಎರಡು ದಿನ ಮೊದಲೇ ಪರದೆ ಒಗೆದು ಹಾಕಿದ್ದಳು. ಊಟವಾದ ಮೇಲೆ ಹೆಂಗಸರಿಬ್ಬರೂ ಒಳಗೆ ಏನನ್ನೋ ಹೇಳಿಕೊಂಡು ನಗುತ್ತಿದ್ದರು, ನನ್ನ ವಿಷಯವೇ ಇರಬೇಕು. ತಮ್ಮ ಹೊರಗೆ ಹೋಗಿ ನನ್ನ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದ.

"ಮುಂದಿನ ಎರಡು ಟೈರ್ ಬದಲಾಯ್ಸಣ್ಣ" ಎಂದ. "ಬುಧವಾರ ತಂದುಬಿಡು, ಬೆಳಿಗ್ಗೆ ಬಿಡುವಾಗಿರ್ತೀನಿ."

ಬರುತ್ತೇನೆ ಎಂದೆ.