ಸದನಕ್ಕೆ ಹೋದ ಬಾಗಿಲು

"ಏ ಗುಡ್ಡಿ, ಕೈ ಬಿಡ. ಜಲ್ಮದಾಗ ನೀನಂತೂ ಬೆಳಗಾವಿ ನೋಡಲಿಲ್ಲ. ನಿನ್ನ ಬಾಗಲಾ ಆದ್ರೂ ನೋಡ್ಲಿ ಬಿಡ."

ಶಾಸಕರ ಪಿ.ಎ. ಮಾಲತೇಶ ತಗಡಿನ ಬಾಗಿಲನ್ನು ಒಂದು ಕಡೆಯಿಂದ ಜಗ್ಗುತ್ತಿದ್ದ. ಇನ್ನೊಂದು ಕಡೆಯಿಂದ ಗುಡ್ಡವ್ವ ಜಗ್ಗುತ್ತಿದ್ದಳು. ಮುಶಿಗೇರಿಯ ಕೇರಿಗೆ ಸರ್ಕಾರ ಕಟ್ಟಿಸಿಕೊಟ್ಟ ಪಾಯಖಾನೆಗಳಿಗೆ ಗೋಡೆ ಇತ್ತು, ತಗ್ಗು ಇತ್ತು, ಬಾಗಿಲು ಇರಲಿಲ್ಲ. ಹೆಂಗಸರು ಹಳೆಯ ಸೀರೆ ಇಳಿಬಿಟ್ಟುಕೊಂಡಿದ್ದರು. ಗಾಳಿ ಬೀಸಿದರೆ ಒಳಗಿದ್ದವಳು ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಸೀರೆ ಹಿಡಿದುಕೊಂಡು ಕೂರಬೇಕಿತ್ತು.

ಬಾಗಿಲು ಅಂತ ಇದ್ದದ್ದು ಗುಡ್ಡವ್ವನಿಗೆ ಮಾತ್ರ. ಚುನಾವಣೆ ಮುಗಿದ ಮೇಲೆ ರಸ್ತೆ ಬದಿಗೆ ಬಿದ್ದಿದ್ದ ಪ್ರಚಾರದ ತಗಡನ್ನು ಹೊತ್ತು ತಂದು, ತಂತಿ ಬಿಗಿದು ನಿಲ್ಲಿಸಿದ್ದಳು. ಅದರ ಒಳಮೈಯಲ್ಲಿ ಶಾಸಕ ಗುರುಪಾದಗೌಡರು ಕೈ ಮುಗಿದು ನಗುತ್ತಿದ್ದರು. ಬಾಣಂತನಕ್ಕೆ ಬಂದಿದ್ದ ಮಗಳು ಉಮಾಶ್ರೀ, ಗಂಡಸು ದಿಟ್ಟಿಸಿ ನೋಡುತ್ತಾನೆ ಎಂದು ಒಳಗೆ ಕಾಲಿಡಲು ಒಪ್ಪಲಿಲ್ಲ. ಗುಡ್ಡವ್ವ ಗಂಜಿ ಕಾಸಿ ಗೌಡರ ಮುಖದ ಮೇಲೆ ಹಳೆಯ ಪೇಪರು ಅಂಟಿಸಿದಳು.

ಈಗ ಅದೇ ಗೌಡರು ಬಿಳಿ ಅಂಗಿ ತೊಟ್ಟು ಕೇರಿಯ ಬಾಯಿಯಲ್ಲೇ ನಿಂತಿದ್ದರು. ಅವರದು ವಿರೋಧ ಪಕ್ಷ. ಸರ್ಕಾರ ಕೊಟ್ಟ ಬಾಗಿಲು ಎಂಥ ಕಳಪೆ ಎಂದು ಬೆಳಗಾವಿಯ ಅಧಿವೇಶನದಲ್ಲಿ ಎತ್ತಿ ತೋರಿಸಲು ಅವರಿಗೆ ಒಂದು ತುಕ್ಕು ಬಾಗಿಲು ಬೇಕಾಗಿತ್ತು.

"ಗೌಡ್ರ, ಇದು ಸರ್ಕಾರದ್ದಲ್ರಿ, ನಂದು," ಎಂದಳು ಗುಡ್ಡವ್ವ. "ಸರ್ಕಾರ ಬಾಗಲಾನ ಕೊಟ್ಟಿಲ್ಲ ಅಂತ ಹೇಳ್ರಿ."

"ಇಲ್ಲದ್ದನ್ನ ಎತ್ತಿ ಹ್ಯಾಂಗ ತೋರಸ್ಲಿ? ಟಿವ್ಯಾಗ ಏನರ ಕಾಣಬೇಕಲ್ಲ," ಎಂದರು ಗೌಡರು, ಬಹಳ ಸಮಾಧಾನದಿಂದ.

ನಾಳೆ ಸಂಜೆಗೆ ವಾಪಸು ಬರುತ್ತದೆ ಎಂದು ಮಾತು ಕೊಟ್ಟರು. ಬಾಗಿಲು ಜೀಪಿನ ನೆತ್ತಿ ಏರಿ ಧೂಳೆಬ್ಬಿಸಿಕೊಂಡು ಹೋಯಿತು.

ಮರುದಿನ ಕೇರಿಯ ಹೆಂಗಸರೆಲ್ಲ ಸದನದ ನೇರಪ್ರಸಾರ ನೋಡಲು ಪಕ್ಕದ ಮನೆಯ ರಮಾಬಾಯಿಯ ಫೋನಿನ ಸುತ್ತ ತಲೆಗೆ ತಲೆ ಹಚ್ಚಿ ಕೂತರು. ಮಂತ್ರಿಗಳು ಎದ್ದು, ಎಲ್ಲ ಪಾಯಖಾನೆಗಳಿಗೂ ಬಾಗಿಲು ಕೂರಿಸಿದ್ದೇವೆ, ಕಡತದಲ್ಲಿದೆ ಎಂದು ಓದಿದರು. ಗೌಡರು ಎದ್ದು, ಮಾನ್ಯ ಅಧ್ಯಕ್ಷರೇ ಎಂದು ಗುಡುಗಿ, ಬಾಗಿಲನ್ನು ತಲೆಯ ಮೇಲಕ್ಕೆ ಎತ್ತಿ, ಮೇಜಿಗೆ ದಡಲ್ ಎಂದು ಬಡಿದರು. ಉತ್ತರ ಬೇಕು ಎಂದರು. ಇನ್ನೊಮ್ಮೆ ಬಡಿದರು. ಆ ಬಡಿತಕ್ಕೆ ಗಂಜಿ ಬಿಟ್ಟು ಪೇಪರು ಜಾರಿ ನೆಲಕ್ಕೆ ಬಿತ್ತು.

ಮಂತ್ರಿಗಳು ಕನ್ನಡಕ ಏರಿಸಿ ನೋಡಿದರು. "ಮಾನ್ಯ ಸದಸ್ಯರು ಬಾಗಿಲಿನ ಹಿಂದಿದ್ದಾರೋ, ಬಾಗಿಲಿನಲ್ಲೇ ಇದ್ದಾರೋ, ಸದನಕ್ಕೆ ಸ್ಪಷ್ಟಪಡಿಸಬೇಕು."

ಆ ಕಡೆಯವರೂ ಈ ಕಡೆಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಿನ ಪ್ರಶ್ನೆಗೆ ಮಂತ್ರಿಗಳು, ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು ಎಂದು ಕೂತರು. ಮಾರ್ಷಲ್‌ಗಳು ಬಾಗಿಲನ್ನು ಹೆಣದಂತೆ ಅಡ್ಡಡ್ಡ ಹೊತ್ತು ಹೊರಗೆ ಒಯ್ದರು. ಅದರ ಮೇಲೆ ಮಲಗಿದ್ದ ಗೌಡರು ಕೈ ಮುಗಿದೇ ಇದ್ದರು. ಕೇರಿಯ ಹೆಂಗಸರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಗುಡ್ಡವ್ವ ಮಾತ್ರ, ತಗಡಿನ ಮೂಲೆ ಮಣಿಸಿಬಿಟ್ಟರಲ್ಲ ಎಂದು ನೋಡುತ್ತಿದ್ದಳು.

ಸಂಜೆಗೆ ಬಾಗಿಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಫೋನು ಮಾಡಿದರೆ ಮಾಲತೇಶ, ಆ ತಗಡಿನ ಹೆಸರು ಎತ್ತಿದರೆ ಹಲ್ಲು ಮುರಿಯುತ್ತೇನೆ ಎಂದ.

ಗುಡ್ಡವ್ವನ ಪಾಯಖಾನೆಯ ಬಾಯಿ ಇರುವುದು ಬಸ್ಸು ಹೋಗುವ ರಸ್ತೆಗೆ. ಸೀರೆ ಕಟ್ಟಿದರೆ ಬಸ್ಸಿನ ಗಾಳಿಗೇ ಹಾರುತ್ತಿತ್ತು. ಉಮಾಶ್ರೀಗೆ ಹೆರಿಗೆಯ ಹೊಲಿಗೆ ಇನ್ನೂ ಮಾಯ್ದಿರಲಿಲ್ಲ, ಹೊಲದ ಕಡೆ ನಡೆಯುವ ಶಕ್ತಿ ಇರಲಿಲ್ಲ. ಕತ್ತಲಾಗುವತನಕ ಪಾಯಖಾನೆಗೆ ಹೋಗಬೇಕಾಗಿ ಬರಬಾರದೆಂದು ನೀರು ಕುಡಿಯುವುದನ್ನೇ ಬಿಟ್ಟಳು. ಎದೆಯ ಹಾಲು ಕಡಿಮೆಯಾಯಿತು. ಕೂಸು ಎಳೆಯಿತು, ಸಿಗಲಿಲ್ಲ, ಅತ್ತಿತು. ಗುಡ್ಡವ್ವ ನೀರಿನ ಲೋಟವನ್ನು ಮಗಳ ತುಟಿಗೆ ಹಿಡಿದರೆ ಅವಳು ಮುಖ ತಿರುಗಿಸಿ, ಆಮೇಲೆ ಕುಡಿಯುತ್ತೇನೆ ಎನ್ನುತ್ತಿದ್ದಳು.

ಗೌಡರು ತಮ್ಮ ಊರಿಗೆ ಬಂದಿದ್ದಾರೆಂದು ತಿಳಿದ ಬೆಳಗ್ಗೆ ಗುಡ್ಡವ್ವ, ರಮಾಬಾಯಿ ಮತ್ತು ಕೇರಿಯ ನಾಲ್ಕೈದು ಹೆಂಗಸರು ಗಜೇಂದ್ರಗಡದ ಬಸ್ಸು ಹತ್ತಿದರು. ಅಲ್ಲಿಂದಲೇ ಕಳೆ ತೆಗೆಯಲು ಹೋಗುವುದೆಂದು ಸೊಂಟಕ್ಕೆ ಖುರ್ಪಿ ಸಿಕ್ಕಿಸಿಕೊಂಡಿದ್ದರು. ಗೌಡರ ಮನೆಯ ಮುಂದೆ ಟಿವಿಯವರು ಕ್ಯಾಮೆರಾ ಹಿಡಿದು ನಿಂತಿದ್ದರು. ಮಾಲತೇಶ ಓಡಿಬಂದ.

"ಪಡಸಾಲಿ ಹತ್ತಬ್ಯಾಡ್ರಿ. ನಿಮ್ಮ ಮಂದಿ ಹಿಂದಿನ ಬಾಜೂದಿಂದ ಬರಬೇಕು ಅಂತ ಬ್ಯಾರೆ ಹೇಳಬೇಕೇನು?"

ಹಿಂದೆ ಹಿತ್ತಲಿತ್ತು. ಮನೆಯೊಳಗೆ ಮೈಲಿಗೆ ಬೇಡವೆಂದು ಗೌಡರ ಪಾಯಖಾನೆಯನ್ನೂ ಹಿತ್ತಲಲ್ಲೇ ಕಟ್ಟಿಸಿದ್ದರು. ಸ್ವಲ್ಪ ಹೊತ್ತಿಗೆ ಗೌಡರು ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದರು. ಹೆಂಗಸರನ್ನು ಕಂಡು, ಅಧಿವೇಶನಕ್ಕೆ ಹೊತ್ತಾಯಿತು, ಮುಂದಿನ ವಾರ ಬರ್ರಿ ಎಂದರು. ಫೋನನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಪಾಯಖಾನೆಯ ಒಳಗೆ ಹೋದರು.

ಗುಡ್ಡವ್ವ ಹೊರಗಿನಿಂದ ಚಿಲಕ ಹಾಕಿದಳು.

"ಗೌಡ್ರ, ನನ್ನ ಬಾಗಲಾ ಎಲ್ಲೈತ್ರಿ?"

"ಯಾವಕಿ ಅಕಿ? ಚಿಲಕಾ ತೆಗಿ ಮೊದ್ಲ."

"ನೀವು ಕೈ ಮುಗಕೊಂಡ ನಿಂತಿದ್ರಲ್ರಿ, ಆ ಬಾಗಲಾ."

"ಅದು ಸದನದ ವಶದಾಗ ಐತಿ. ಪರಿಶೀಲಿಸಿ ಕ್ರಮ ತಗೊಂತೀನಿ."

"ಅವ್ವಾ, ಮಂತ್ರಿನೂ ಇದನ್ನ ಅಂದಿದ್ನಲ್ಲ," ಎಂದಳು ರಮಾಬಾಯಿ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಗೌಡರು ಅವರ ತಾಯಿ, ಅಜ್ಜಿ ಯಾರನ್ನೂ ಬಿಡದೆ ಬೈದರು. ಸೂಳೇರು ಎಂದರು, ಭೋಸಡಿ ಎಂದರು. ಸಣ್ಣ ಕೋಣೆ, ಬೈಗುಳವೆಲ್ಲ ಗೋಡೆಗೆ ಬಡಿದು ಅವರಿಗೇ ಕೇಳಿಸಿತು.

ಗುಡ್ಡವ್ವ ಅವರು ಮುಗಿಸುವವರೆಗೆ ಕಾದಳು. "ಬೈದದ್ದು ಉತ್ತರ ಆಗಂಗಿಲ್ರಿ. ನನ್ನ ಮಗಳು ನೀರ ಕುಡ್ಯವಲ್ಲಳು. ಕೂಸಿಗೆ ಹಾಲಿಲ್ಲ. ಮನಿಗೆ ಹೋಗಿ ಅಕಿಗೆ ಏನ್ ಹೇಳ್ಲಿ?"

ಕಟ್ಟೆಯ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಕೇಳಿ ಮಾಲತೇಶ ಬಂದ. ಹೆಂಗಸರು ಬಾಗಿಲಿಗೆ ಬೆನ್ನು ಹಚ್ಚಿ, ಒಬ್ಬರಿಗೊಬ್ಬರು ಒತ್ತಿ ಕೂತಿದ್ದರು. ಕೂಗಾಡಿದರೆ ಮುಂದಿರುವ ಕ್ಯಾಮೆರಾ ಹಿಂದೆ ಬರುತ್ತದೆ. ಚಿಲಕ ಮುಟ್ಟಬೇಕೆಂದರೆ ಮೊದಲು ಅವರನ್ನು ಮುಟ್ಟಬೇಕಿತ್ತು. ಅವನು ಎಡಕ್ಕೆ ಬಂದ, ಬಲಕ್ಕೆ ಬಂದ, ಅಂಗಿಯ ತೋಳು ಏರಿಸಿದ, ಮತ್ತೆ ಇಳಿಸಿದ. ಕೊನೆಗೆ ಗೌಡರ ಹೆಂಡತಿಯನ್ನು ಕರೆದುಕೊಂಡು ಬಂದ.

ನಿರ್ಮಲಾ ಗಂಡನಿಗೆಂದು ಮಾಡಿದ ಚಹಾ ಹಿಡಿದು ಬಂದಿದ್ದರು. ಏನಾಯಿತೆಂದು ಕೇಳಿದರು. ಗುಡ್ಡವ್ವ ಹೇಳಿದಳು. ಬಾಣಂತಿಯ ಮಾತು ಬಂದಾಗ ಅವರು, ಕೂಸು ಎಷ್ಟು ದಿನದ್ದು ಎಂದರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆ ಚಹಾವನ್ನು ತಾವೇ ಕುಡಿಯತೊಡಗಿದರು.

"ವೈನಿಯಾರ, ಸಾಹೇಬ್ರು ಒಳಗ…" ಎಂದ ಮಾಲತೇಶ.

"ಗೊತ್ತೈತಿ," ಎಂದರು ನಿರ್ಮಲಾ. "ಅಕಿ ಕೇಳಾಕತ್ತಾಳ. ಅವ್ರು ಹೇಳ್ಲಿ."

ಗುಡ್ಡವ್ವ ಎದ್ದು ತಿರುಗಿ ನಿಂತಳು. ಗೌಡರ ಬಾಗಿಲು ಹೊಸದು, ಪ್ಲಾಸ್ಟಿಕ್ಕಿನದು. ತುಕ್ಕು ಹಿಡಿಯುವುದಿಲ್ಲ, ಹೊರಲು ಹಗುರ. ಅದರ ಅಗಲಕ್ಕೆ ಗೇಣು ಹಾಕಿದಳು. ಇನ್ನೊಂದು ಗೇಣು ಹಾಕಿದಳು. ಕೀಲಿನ ಪಟ್ಟಿಗಳ ಸ್ಕ್ರೂಗಳು ಹೊರಗಡೆಗೇ ಇದ್ದವು. ರಮಾಬಾಯಿ ಸೊಂಟದಿಂದ ಖುರ್ಪಿ ತೆಗೆದು ಅದರ ತುದಿಯನ್ನು ಮೇಲಿನ ಸ್ಕ್ರೂವಿಗೆ ಕೊಟ್ಟು ತಿರುವಿದಳು. ಅದು ಕಿರ್ ಎಂದಿತು.

"ಯವ್ವಾ," ಎಂದರು ಗೌಡರು ಒಳಗಿನಿಂದ, ಬಹಳ ಮೆತ್ತಗೆ. "ಏನ್ ಮಾಡಾಕತ್ತೀರಿ?"

ಗುಡ್ಡವ್ವ ತನ್ನ ಖುರ್ಪಿ ತೆಗೆದು ಕೆಳಗಿನ ಸ್ಕ್ರೂವಿಗೆ ಕೊಟ್ಟಳು.