ಏರಿನಲ್ಲಿ ಉಸಿರು ಕಟ್ಟುವ ಗಾಡಿ

ಹೊಸ ಗಾಡಿ ಏರು ಕಂಡರೆ ಮುನಿಸಿಕೊಳ್ಳುತ್ತಿತ್ತು. ಸಪಾಟು ರಸ್ತೆಯಲ್ಲಿ ಸುಮ್ಮನೆ ಓಡುವುದು, ನಿಂತಲ್ಲಿ ಎಂಜಿನ್ ಹಿತವಾಗಿ ಗುಂಯ್‌ಗುಡುವುದು. ಏರು ಶುರುವಾಗಿ ನಾಗರತ್ನಾ ಕಾಲು ಒತ್ತಿದಳೋ, ಎಳೆತವೇ ಇಲ್ಲ. ಹಿಂದೆ ಕಪ್ಪು ಹೊಗೆ, ಮುಂದೆ ಏದುಸಿರು. ಪಿಕಪ್ ಮನೆಗೆ ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಯಾರೂ ತೆಗೆದಿರಲಿಲ್ಲ.

ಹುನಗುಂದದಲ್ಲಿ ನಾಗರತ್ನಾಳದು ಖಡಕ್ ರೊಟ್ಟಿಯ ವ್ಯಾಪಾರ. ಮನೆಯ ಹಿಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಇಳಕಲ್ಲಿನ ಖಾನಾವಳಿಗಳಿಗೆ, ನವನಗರದ ಹಾಸ್ಟೆಲ್ಲುಗಳಿಗೆ ರೊಟ್ಟಿಯ ಕಟ್ಟುಗಳು ಹೋಗುತ್ತವೆ. ಇಷ್ಟು ದಿನ ಬಸ್ಸಿನಲ್ಲಿ, ಟಂಟಂ ಆಟೋದಲ್ಲಿ ಕಳಿಸಿ, ಮುರಿದು ಪುಡಿಯಾದ ರೊಟ್ಟಿಗೆ ಬೈಗುಳ ಕೇಳಿದ್ದಾಗಿತ್ತು. ಗಾಡಿ ತಗೊಳ್ಳೋಣ ಎಂದಾಗ ಗಂಡ ಸುನೀಲಕುಮಾರ ಹೂಂ ಅಂದ. ನಾನೇ ಹೊಡೆಯುತ್ತೇನೆ ಎಂದಾಗ ನಕ್ಕ. ಅವಳು ಕಲಿತು ಲೈಸೆನ್ಸು ತಂದು ತೋರಿಸಿದ ಮೇಲೆ ನಗುವುದನ್ನು ಬಿಟ್ಟ. ಅವನಿಗೆ ಬೈಕು ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಅತ್ತೆ ನೀಲಾಬಾಯಿ ಮಾತ್ರ ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಇಷ್ಟವಿಲ್ಲ ಎಂದೇ ನಾಗರತ್ನಾ ತಿಳಿದಿದ್ದಳು.

ಸರ್ವಿಸಿನವರು ಲ್ಯಾಪ್‌ಟಾಪ್ ಹಚ್ಚಿ ನೋಡಿದ್ದರು. ಅಲ್ಲಿಯ ಮೆಕ್ಯಾನಿಕ್ ಮುನಾಫ ನವನಗರದ ಸಪಾಟು ಅಗಲ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಏನೂ ದೋಷ ತೋರಸವಲ್ದ್ರೀ ಅಕ್ಕಾರ. ಹೊಸದಾಗಿ ಕಲ್ತವರು ಕ್ಲಚ್ ಮ್ಯಾಲ ಕಾಲ ಇಟ್ಕೊಂಡ ಹೊಡೀತಾರ. ಅದಕ್ಕೂ ಹಿಂಗ ಆಕ್ಕೈತಿ" ಎಂದಿದ್ದ. ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದ್ದ. ಆದರೂ ಆ ಮಾತು ಅವಳ ಕಾಲಿಗೆ ಮುಳ್ಳಿನಂತೆ ನೆಟ್ಟುಕೊಂಡಿತು. ಬೇರೆ ಬಂಕಿನ ಡೀಸೆಲ್ ಹಾಕಿಸಿದ್ದಾಯಿತು, ಕ್ಲಚ್ಚಿನಿಂದ ಕಾಲು ದೂರ ಇಟ್ಟು ಹೊಡೆದದ್ದಾಯಿತು. ಗಾಡಿಯ ಮುನಿಸು ಹೋಗಲಿಲ್ಲ.

ಇಂದು ಬೆಳಿಗ್ಗೆ ರೊಟ್ಟಿ ಕಟ್ಟುಗಳನ್ನು ಏರಿಸುವಾಗ ಸುನೀಲಕುಮಾರ ಹೇಳಿಯೇಬಿಟ್ಟ: "ನಾನೂ ಬರ್ತೇನಿ. ಇವತ್ತೂ ಏರಿನ್ಯಾಗ ನಿಂತ್ರ, ನಾಳಿಂದ ಲಕ್ಷ್ಮಪ್ಪ ಹೊಡೀಲಿ, ಹೇಳಿಟ್ಟೇನಿ. ನಮ್ಮ ಗ್ರಾನೈಟ್ ಫ್ಯಾಕ್ಟರಿ ಲಾರಿ ಹೊಡದಾಂವ. ನೀ ಆರಾಮ ಬಾಜೂಕ ಕೂಡು."

ಆರಾಮ! ಸ್ಟೇರಿಂಗ್ ಹಿಡಿದಾಗ ತನಗೇನಾಗುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಅದು ವೇಗದ ಖುಷಿಯಲ್ಲ. ಮದುವೆಯಾಗಿ ಬಂದಂದಿನಿಂದ ಅವಳ ಕೈ ಬಿಡುವಾಗಿದ್ದು ಕಂಡರೆ ಸಾಕು, ಯಾರಾದರೂ ಅದರಲ್ಲಿ ಏನಾದರೂ ಇಡುತ್ತಿದ್ದರು. ಗಾಡಿ ಹೊಡೆಯುವಾಗ ಎರಡೂ ಕೈಗೆ ಕೆಲಸ, ಕಣ್ಣಿಗೆ ರಸ್ತೆ. ಮನಸ್ಸೊಂದೇ ಬಿಡುವು. ಯಾವುಯಾವುದೋ ಕಾಲದಲ್ಲಿ ಅರ್ಧಕ್ಕೆ ಬಿಟ್ಟ ಯೋಚನೆಗಳನ್ನು ಅವಳು ಈ ರಸ್ತೆಗಳಲ್ಲಿ ಒಂದೊಂದಾಗಿ ಮುಗಿಸುತ್ತಿದ್ದಳು. ತಂಗಿಯ ಮೇಲಿನ ಹಳೆಯ ಸಿಟ್ಟು ಮೊನ್ನೆ ಇಳಕಲ್ಲು ಮುಟ್ಟುವಷ್ಟರಲ್ಲಿ ತೀರಿಹೋಗಿತ್ತು. ರೊಟ್ಟಿ ಇಳಿಸಿ ಮೊದಲು ಮಾಡಿದ ಕೆಲಸ ಅವಳಿಗೆ ಫೋನ್ ಮಾಡಿದ್ದು. ಬಾಜೂಕೆ ಕೂತು ಇದೆಲ್ಲ ಆಗುವಂಥದ್ದಲ್ಲ.

ನೀಲಾಬಾಯಿಯೂ ಹೊರಟಿದ್ದಳು, ನವನಗರದಲ್ಲಿ ಕಣ್ಣು ತೋರಿಸಬೇಕಿತ್ತು. ನಡುವೆ ಕೂತು ಎರಡೂ ಮೊಣಕಾಲು ಮಗನ ಕಡೆ ಸರಿಸಿಕೊಂಡಳು.

ಅಮೀನಗಡ ದಾಟಿದ ಮೇಲೆ ಒಂದು ಏರು. ನಾಗರತ್ನಾ ಗೇರ್ ಇಳಿಸಿ ಕಾಲು ಒತ್ತಿದಳು. ಗಾಡಿ ಒಮ್ಮೆ ಜಗ್ಗಿ, ನಿಟ್ಟುಸಿರಿಟ್ಟು, ಏರಿನ ಬುಡದಲ್ಲೇ ಸೋತು ನಿಂತಿತು. ಕನ್ನಡಿಯ ತುಂಬ ಕಪ್ಪು ಹೊಗೆ.

"ನೋಡ್ದೇನು?" ಎಂದ ಸುನೀಲಕುಮಾರ.

"ನೋಡ್ಲಿಕ್ಕೆ ನನಗೂ ಕಣ್ಣ ಅದಾವ್ರಿ."

"ಬರೇ ರೊಟ್ಟಿ ಹೊತ್ತ ಗಾಡಿ ಇದು. ರೊಟ್ಟಿ ಏನ ಭಾರ? ಗಾಳಿಗೆ ಹಾರ್ತಾವ."

"ಅದನ್ನ ನಾನೂ ಅನ್ನೂದು. ಭಾರದ್ದಲ್ಲ ಇದು."

ಅವನು ಇಳಿದು, ಮುನಾಫನಿಗೆ ಫೋನ್ ಹಚ್ಚುತ್ತ, ಸಿಗ್ನಲ್ ಹುಡುಕಿಕೊಂಡು ದೂರದ ಬೇವಿನ ಮರದ ತನಕ ಹೋದ. ನಾಗರತ್ನಾ ಎಂಜಿನ್ ಚಾಲೂ ಇಟ್ಟೇ ಇಳಿದು, ಬಾನೆಟ್ ಎತ್ತಿ ನಿಂತಳು. ಅಲ್ಲಿದ್ದ ಅರ್ಧದಷ್ಟು ಸಾಮಾನಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೊಗೆ ಒಂದೇ. ಶೆಡ್ಡಿನಲ್ಲಿ ಒಲೆ ಕಪ್ಪಗೆ ಉಗುಳತೊಡಗಿದರೆ ಅವಳು ಹೆಂಗಸರಿಗೆ ದಿನಾ ಒದರುತ್ತಿದ್ದಳು, ಕಟ್ಟಿಗೆ ತುರುಕಬೇಡಿರೇ, ಒಲೆಯ ಬಾಯಿ ಬಿಡಿಸಿರಿ ಎಂದು. ಉರಿ ಇದೆ, ಗಾಳಿ ಇಲ್ಲ. ಈ ಗಾಡಿ ಗಾಳಿ ತಗೊಳ್ಳುವುದು ಎಲ್ಲಿಂದ?

"ಅತ್ತಿ, ಇತ್ತ ನನ್ನ ಜಾಗಾಕ್ಕ ಸರೀರಿ. ಬಲಗಾಲಾಗ ಒಂದು ಪೆಡಲ್ ಐತಲ್ಲ, ಒತ್ತರಿ."

"ಯವ್ವಾ, ಎದುರಿಗೆ ನೀ ನಿಂತೀದಿ. ನಿನ್ನ ಮ್ಯಾಲ ಹಾಯ್ತೈತಿ!"

"ಹಾಯಂಗಿಲ್ರಿ. ಗೇರ್ ತಗದೇನಿ, ಬ್ರೇಕ್ ಜಗ್ಗೇನಿ. ಕಲ್ಲೂ ಇಟ್ಟೇನಿ."

ನೀಲಾಬಾಯಿ ಸರಿದು ಕೂತು, ಸೀರೆಯ ನೆರಿಗೆ ಎತ್ತಿ, ಬಿಸಿನೀರಿಗೆ ಕಾಲಿಡುವವಳಂತೆ ಪೆಡಲ್ ಮುಟ್ಟಿದಳು. ಎಂಜಿನ್ ಸ್ವಲ್ಪ ಗುಂಯ್ ಅಂದಿತು.

"ಜೋರ್‍ಲೆ ಒತ್ತರಿ!"

ಒತ್ತಿದಳು. ಎಂಜಿನ್ನಿನ ಮುಂದಿನ ಜಾಳಿಗೆಯ ಪಕ್ಕದಲ್ಲಿದ್ದ ಅಂಗೈಯಗಲದ ಕಪ್ಪು ಕೊಳವೆಯ ಬಾಯಿಂದ ಸೀಟಿಯಂಥ ಸದ್ದು ಬಂತು. ನಾಗರತ್ನಾ ಬಗ್ಗಿ ನೋಡಿದಳು. ಒಳಗೆ ಹಸಿರು ಅರಿವೆ. ಕಾಲು ಒತ್ತಿದರೆ ಒಳಕ್ಕೆ ಜಗ್ಗಿ ಬಾಯಿ ಮುಚ್ಚುತ್ತಿತ್ತು, ಬಿಟ್ಟರೆ ಸಡಿಲಾಗುತ್ತಿತ್ತು. ನಿಂತ ಗಾಡಿಯಲ್ಲಿ, ಸಪಾಟು ರಸ್ತೆಯಲ್ಲಿ ಮುನಾಫನಿಗೆ ಏನೂ ಕಾಣದಿದ್ದದ್ದು ಇದಕ್ಕೇ!

ಅವಳು ಓಡಿಬಂದು ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡಿದಳು. ಆಮೇಲೆ ಕೊಳವೆಯೊಳಗೆ ಬೆರಳು ಹಾಕಿ ಎಳೆದಳು. ಕೆಂಪಂಚಿನ ಹಸಿರು ಗುಳೇದಗುಡ್ಡದ ಖಣ. ಗಂಟು ಕಟ್ಟಿತ್ತು. ಒಳಗೆ ಅಕ್ಕಿ, ಅರಿಷಿಣದ ಕೊಂಬು, ಬಟ್ಟಲಡಿಕೆ. ಒಂದು ಮೂಲೆ ಹರಿದು ಅಕ್ಕಿ ಸುರಿದಿತ್ತು. ಆ ಗಂಟು ಯಾರ ಕೈಯದೆಂದು ಕೇಳಬೇಕಾಗಿರಲಿಲ್ಲ. ಮದುವೆಯ ದಿನ ಅತ್ತೆ ತನ್ನ ಉಡಿಗೆ ಹಾಕಿದ ಗಂಟೂ ಹೀಗೆಯೇ ಬಿಗಿಯಾಗಿತ್ತು, ಬಿಚ್ಚಲು ಹಲ್ಲು ಹಚ್ಚಬೇಕಾಗಿತ್ತು.

ತಲೆಯೆತ್ತಿದರೆ ಕಿಟಕಿಯಿಂದ ಅತ್ತೆ ನೋಡುತ್ತಿದ್ದಳು. ಆ ಮುಖ ನೋಡನೋಡುತ್ತ ಸಣ್ಣದಾಯಿತು.

"ನಾನ ಏನ ಅದನ್ನ ಕೆಡಿಸಿದ್ದು?" ಎಂದಳು ನೀಲಾಬಾಯಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.

ಬೇಡವಾಗಿದ್ದವಳು ಹೊಸದಾಗಿ ಬಂದದ್ದಕ್ಕೆ ಉಡಿ ತುಂಬುವುದಿಲ್ಲ. ಇಷ್ಟು ದಿನ ಅತ್ತೆಯ ಮೌನವನ್ನು ತಾನು ಎಷ್ಟು ತಪ್ಪಾಗಿ ಓದಿದ್ದೆ ಎಂದು ನಾಗರತ್ನಾಳಿಗೆ ಹೊಳೆಯಿತು. ಅತ್ತ ಬೇವಿನ ಮರದ ಕಡೆಯಿಂದ ಗಂಡ ಬೀಸುಗಾಲಿನಲ್ಲಿ ಬರುತ್ತಿದ್ದ. ಈ ಗಂಟು ತೋರಿಸಿದರೆ ತನ್ನ ಕಾಲಿನ ಮೇಲಿನ ಅಪವಾದ ಈಗಲೇ ಹೋಗುತ್ತದೆ. ಆದರೆ ಅವನು ನಗುತ್ತಾನೆ, ಊರಿಗೆಲ್ಲ ಹೇಳಿ ನಗಿಸುತ್ತಾನೆ. ಅವಳು ಗಂಟನ್ನು ಸೆರಗಿನ ಮರೆಗೆ ಸೇರಿಸಿ, ಸುಮ್ಮನಿರಿ ಎಂದು ಅತ್ತೆಗೆ ಕಣ್ಣಲ್ಲೇ ಹೇಳಿದಳು.

"ಮುನಾಫ ಈಗ ಹೇಳ್ದ ನೋಡು," ಸುನೀಲಕುಮಾರ ತಾನೇ ಕಂಡುಹಿಡಿದವನಂತೆ ಬಂದ. "ಹೊಗಿ ಕಪ್ಪ ಇದ್ರ ಗಾಳಿ ಸಾಲವಲ್ದಂತ. ಗಾಳಿ ಬರೂ ಹಾದಿ ನೋಡ್ರಿ ಅಂದ."

"ನೋಡೇನ್ರಿ. ಕಸ ಸಿಕ್ಕಿತ್ತು, ತಗದೇನಿ."

"ಹೊಸಾ ಗಾಡ್ಯಾಗ ಕಸ ಎಲ್ಲಿಂದ ಬರ್ತೈತಿ? ಎಲ್ಲೆರ ಹೊಲದಾಗ ಇಳಿಸಿದ್ದೇನ? ಅದಕ್ಕ ಹೇಳೂದು, ಕೈ ಪಳಗಿದವ್ರ ಬೇಕು ಅಂತ. ಲಕ್ಷ್ಮಪ್ಪಗ—"

"ಸುನೀಲಾ!" ನೀಲಾಬಾಯಿ ಸ್ಟೇರಿಂಗ್ ಹಿಡಿದುಕೊಂಡೇ ಕೂಗಿದಳು. "ಕಸ ಅಲ್ಲದು, ಉಡಿ. ನಾ ತುಂಬಿದ್ದು."

"ಏನು?"

"ಬನಶಂಕರಿ ಗುಡೀಗೆ ಗಾಡಿ ಪೂಜಾಕ್ಕ ಹೋದಾಗ ಪೂಜಾರಿ ಈ ಮುಚ್ಚಳ ಎತ್ತಿಸಿ ಒಳಗ ಕುಂಕುಮ ಹಚ್ಚಿದ್ನೋ ಇಲ್ಲೋ? ನೀ ಏನ ಮಾಡಿದಿ? ಬಣ್ಣ ಕೆಡತೈತಿ ಅಂತ ಹೂವು ಕಾಯಿ ಎಲ್ಲಾ ತಗದ ಒಗದಿ. ಹೊಸದಾಗಿ ಮನಿಗೆ ಬರೂ ಹೆಣ್ಣು ಬರೇ ಉಡೀಲೆ ಹೊಸ್ತಿಲ ದಾಟತೈತೇನು? ನೀವು ಪ್ರಸಾದಕ್ಕ ಹೋದಾಗ ಆ ತೂತಿನ್ಯಾಗ ಇಟ್ನಿ. ಯಾರೂ ತಗೀಬಾರ್ದಂತ ಒಳಗ ಒತ್ತಿ ಇಟ್ನಿ."

ಸುನೀಲಕುಮಾರನ ಬಾಯಿ ತೆರೆದೇ ಇತ್ತು. "ಗಾಡಿ ಹೆಣ್ಣಂತ ನಿನಗ್ಯಾರ ಹೇಳಿದ್ರವಾ?"

"ಮುಂಜಾನೆದ್ದು ಹೊರಿ ಹೊರತೈತಿ. ಹೊತ್ತು ಬೈಸಿಕೊಂತೈತಿ. ಗಂಡಸೇನದು?"

ನಾಗರತ್ನಾ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡು ನಕ್ಕಳು.

"ನಗೂದು ಆಮ್ಯಾಲ," ಎಂದಳು ಅತ್ತೆ, ದನಿ ಇಳಿಸದೆ. "ಆ ಸರ್ವಿಸಿನವರು ಈಕಿ ಕಾಲ ಸರಿ ಇಲ್ಲ ಅಂದ್ರು, ನೀನೂ ಹೂಂ ಅಂದಿ. ನನ್ನ ತಪ್ಪು ಈಕಿ ಕಾಲಿಗೆ ಯಾಕ ಕಟ್ತಿ? ಲಕ್ಷ್ಮಪ್ಪ ಹೊಡದ್ರೂ ನಿಲ್ತಿತ್ತು, ಅವರಪ್ಪ ಹೊಡದ್ರೂ ನಿಲ್ತಿತ್ತು."

ನಾಗರತ್ನಾ ಕೊಳವೆಯ ಆಚೆ ತುದಿಯ ಗಾಳಿ ಫಿಲ್ಟರಿನ ಡಬ್ಬಿಯ ಕ್ಲಿಪ್ಪು ತೆಗೆಯುತ್ತಿದ್ದಳು. ಸುನೀಲಕುಮಾರ ಬಂದು ಮುಚ್ಚಳ ಹಿಡಿದುಕೊಂಡ. ಅವಳು ಫಿಲ್ಟರ್ ಬಡಿದು ಅಕ್ಕಿಕಾಳು ಉದುರಿಸಿದಳು. ಎಲ್ಲಿದ್ದವೋ ಎರಡು ಗುಬ್ಬಿ ಬಂದು ಅವನ್ನು ಹೆಕ್ಕತೊಡಗಿದವು.

ಅತ್ತೆ ಮತ್ತೆ ನಡುವಿಗೆ ಸರಿದಳು, ಏರಿನ ಬುಡದಿಂದ ಗಾಡಿ ಹೊರಟಿತು. ನಾಗರತ್ನಾ ಕಾಲು ಒತ್ತಿದಳು. ಗಾಡಿ ದೊಡ್ಡದೊಂದು ಉಸಿರೆಳೆದುಕೊಂಡು, ಹಿಂದಿನ ರೊಟ್ಟಿಯ ಕಟ್ಟುಗಳ ಸಮೇತ ದಿಬ್ಬವನ್ನು ಒಂದೇ ಎಳೆತಕ್ಕೆ ಹತ್ತಿತು. ಕನ್ನಡಿಯಲ್ಲಿ ಬರೀ ರಸ್ತೆ, ಬರೀ ಬಿಸಿಲು.

ಸ್ವಲ್ಪ ದೂರ ಹೋದ ಮೇಲೆ ಸುನೀಲಕುಮಾರ ಫೋನ್ ತೆಗೆದ. "ಲಕ್ಷ್ಮಪ್ಪ, ನಾಳಿ ಬರಬ್ಯಾಡಪಾ... ಇಲ್ಲಿಲ್ಲ, ಗಾಡಿ ಚಲೋ ಐತಿ. ಡ್ರೈವರ್ ಅದಾರ... ಯಾರಂದ್ರ, ನಮ್ಮ ಮನಿಯವ್ರು."

"ಜೋರ್‍ಲೆ ಹೇಳು," ಎಂದಳು ನೀಲಾಬಾಯಿ. "ಗಾಡಿ ಸಪ್ಪಳಕ್ಕ ಅವಗ ಕೇಳಿಸಿರಲಿಕ್ಕಿಲ್ಲ."

ಅವನು ಮತ್ತೊಮ್ಮೆ, ಜೋರಾಗಿ ಹೇಳಿದ. ನಾಗರತ್ನಾ ಅತ್ತ ತಿರುಗಲಿಲ್ಲ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ನಡುವೆ ತೊನೆಯುತ್ತ ಹೋಗುತ್ತಿತ್ತು. ಅವಳು ಹಾರ್ನ್ ಹಾಕಿ, ಕನ್ನಡಿ ನೋಡಿ, ಗೇರ್ ಬದಲಿಸಿದಳು.