ಹೆಸರು ಕೊರೆಸಿದ ತಟ್ಟೆ

ಚಿದಂಬರನನ್ನು ಕೇಳಿದರೆ, ತಾನು ಮಾಡಿದ ಒಂದೇ ತಪ್ಪೆಂದರೆ ಹೆಂಡತಿಯ ಚಿತ್ರಗಳ ಸುದ್ದಿಯನ್ನು ತಾನೇ ಊರಿಗೆಲ್ಲ ಹಂಚಿದ್ದು ಎಂದಾನು. ಹೆಂಡತಿಗೆ ಹೊಡೆದದ್ದು ಅವನ ಪಾಲಿಗೆ ತಪ್ಪೇ ಅಲ್ಲ ಬಿಡಿ.

ದೇಶದ ರಾಜಧಾನಿಯಲ್ಲಿ, ಪೀತಮ್‌ಪುರದ ಆ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಹದಿನಾರು ವರ್ಷಗಳಿಂದ ಒಡೆಯುವುದು ಅವನ ಕೆಲಸ, ಗುಡಿಸುವುದು ಹೆಂಡತಿ ಧಾರಿಣಿಯ ಕೆಲಸ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ, ಕನ್ನಡದವರ ಸಭೆಯಲ್ಲಿ ಬೆಣ್ಣೆಮಾತು ಆಡುವ ಮನುಷ್ಯ. ಮೇಲೆ ಥಳಕು, ಒಳಗೆ ಹುಳುಕು. ಜನ್ಮದಲ್ಲಿ ಪೊರಕೆ ಹಿಡಿದವನಲ್ಲ. ತಾನು ಒಡೆದದ್ದು ಚೂರಾದ ಮೇಲೆ ಹೇಗೆ ಕಾಣುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಧಾರಿಣಿಗೆ ಗೊತ್ತಿತ್ತು. ಗಾಜು, ಬಳೆಚೂರು, ಕಿತ್ತುಬಂದ ಕೂದಲು, ಬಗ್ಗಿದ ಪಾತ್ರೆ, ಮುರಿದ ಬೆಲ್ಟಿನ ಬಕಲ್ಲು ಎಲ್ಲವನ್ನೂ ಕೂಡಿಟ್ಟು, ಈ ವರ್ಷ ಗೋಣಿಬಟ್ಟೆಗೆ ಅಂಟಿಸಿ, ಬಣ್ಣ ಬಳಿದು, ಏಳು ಚಿತ್ರ ಮಾಡಿದ್ದಳು. ಗುರುಗ್ರಾಮದ ಗ್ಯಾಲರಿಯೊಂದು ಏಳನ್ನೂ ಆರಿಸಿತ್ತು. ಶನಿವಾರ ಹನ್ನೊಂದಕ್ಕೆ ಟೆಂಪೊ ಬರುವುದಿತ್ತು. ಚಿತ್ರಗಳು ಬಾಗಿಲು ದಾಟಿದ ಗಳಿಗೆಯೇ ತಾನೂ ದಾಟುವುದು, ಮತ್ತೆ ಈ ಮನೆಗೆ ಬರಬಾರದು ಎಂದು ಅವಳು ನಿಶ್ಚಯಿಸಿಯಾಗಿತ್ತು.

ಆ ಶನಿವಾರ ಹತ್ತೂವರೆಗೆ ಚಿದಂಬರ ಚಿತ್ರಗಳ ಫೋಟೊ ತೆಗೆದು ಕನ್ನಡ ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. 'ನನ್ನ ಶ್ರೀಮತಿಯ ಹೊಸ ಮಿಶ್ರಮಾಧ್ಯಮ ಕಲಾಕೃತಿಗಳು. ಇವತ್ತು ಹನ್ನೊಂದಕ್ಕೆ ಗಾಡಿಯಲ್ಲಿ ಗ್ಯಾಲರಿಗೆ ಹೊರಡುತ್ತವೆ. ಮುಂದಿನ ವಾರ ಪ್ರದರ್ಶನ. ತಪ್ಪದೇ ಬನ್ನಿ.' ಚಪ್ಪಾಳೆಗಳು ಸುರಿದವು. ಖುಷಿಯಾಗಿ ಇನ್ನೊಂದು ಲೋಟ ಕಾಫಿ ಕೇಳಿದ.

ಆಗ ಅದೇ ಗುಂಪಿನಲ್ಲಿ ಮಯೂರ್ ವಿಹಾರಿನ ದೇವಕಿಯ ಸಂದೇಶ ಬಂತು. ಹದ್ದಿನ ಕಣ್ಣಿನ ಹೆಂಗಸು. ಯಾರ ಸೀರೆ ಎಷ್ಟು ಹಳೆಯದೆಂದು ದೂರದಿಂದಲೇ ಹೇಳಿಯಾಳು. 'ಮೂರನೇ ಚಿತ್ರ ದೊಡ್ಡದು ಮಾಡಿ ನೋಡಿದೆ. ನಿಮ್ಮ ಗೃಹಪ್ರವೇಶಕ್ಕೆ ನಾನು ಕೊಟ್ಟ ಸ್ಟೀಲ್ ತಟ್ಟೆ ಅಲ್ವೇನೇ ಧಾರಿಣಿ? ಅಂಚಲ್ಲಿ ನನ್ನ ಹೆಸರಿದೆ. ಅಷ್ಟು ಗಟ್ಟಿ ತಟ್ಟೆ ಹೇಗೆ ಬಗ್ಗಿತು?'

ನಮ್ಮವರು ಗೊತ್ತಲ್ಲ, ಉಡುಗೊರೆ ಪಾತ್ರೆಗೆ ಹೆಸರು ಕೊರೆಸದಿದ್ದರೆ ಕೊಟ್ಟ ಸಮಾಧಾನವೇ ಇರುವುದಿಲ್ಲ. ಚಿದಂಬರ ಎದ್ದು ಚಿತ್ರದ ಮುಂದೆ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಟ್ಟೆ ಗುರುತಾಯಿತು. ಪಕ್ಕದ ಬಕಲ್ಲೂ ಗುರುತಾಯಿತು.

"ನನ್ನ ಮಾನ ತಗೊಂಡು ಗೋಡೆಗೆ ನೇತುಹಾಕ್ತೀಯಾ?" ಎಂದವನೇ ಅವಳ ಜಡೆ ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ತುಟಿ ಸೀಳಿತು. ಅಡುಗೆಮನೆಯ ಚಾಕು ತಂದು ಮೊದಲ ಚಿತ್ರವನ್ನು ಉದ್ದಕ್ಕೆ ಸಿಗಿದ. ಎರಡನೆಯದರ ಚೌಕಟ್ಟನ್ನು ಮೊಣಕಾಲಿಗೆ ಬಡಿದು ಮುರಿದ. ಮೂರನೆಯದಕ್ಕೆ ಕೈ ಹಾಕಿದಾಗ ಧಾರಿಣಿ ಅದರ ಮೇಲೆ ಅಡ್ಡ ಬಿದ್ದಳು. ಬೆನ್ನಿಗೆ ಒದ್ದ, ಮತ್ತೂ ಒದ್ದ. ಅವಳು ಅಲುಗಲಿಲ್ಲ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಅವಳ ಬಲಗೈಯನ್ನು ಬೆನ್ನಿಗೆ ತಿರುಚಿ, ಅವಳದೇ ಫೋನಿನಲ್ಲಿ ಆ ಗುಂಪು ತೆರೆದು, ಧ್ವನಿಸಂದೇಶದ ಗುಂಡಿ ಒತ್ತಿ ಬಾಯಿಗೆ ಹಿಡಿಯುವ ಮೊದಲು ಹೇಳಿದ: "ಕಲೆಗೋಸ್ಕರ ನಾನೇ ಸುತ್ತಿಗೇಲಿ ಬಗ್ಗಿಸಿದೆ ಅನ್ನು. ಇಲ್ಲಾಂದ್ರೆ ಬ್ರಷ್ ಹಿಡಿಯೋಕೆ ಈ ಕೈ ಇರಲ್ಲ." ಆಮೇಲೆ ಗುಂಡಿ ಒತ್ತಿ ಹಿಡಿದ.

ಆ ಕೈಯೇ ಅವಳ ಸರ್ವಸ್ವ. ಧಾರಿಣಿಗೆ ಭಯವಾಯಿತು, ತುಂಬಾ ಭಯವಾಯಿತು. ರಕ್ತ ಉಗುಳಿ, ಮೆಲ್ಲಗೆ ಹೇಳಿದಳು: "ದೇವಕಿ, ಆ ತಟ್ಟೆ ನನ್ನ ತಲೆಗೆ ಹೊಡೆದಾಗ ಬಗ್ಗಿದ್ದು. ಹೊಡೆದಿದ್ದು ಇವರು. ಈಗಲೂ ಹೊಡೀತಿದ್ದಾರೆ."

ಗಾಬರಿಯಲ್ಲಿ ಅವನ ಹೆಬ್ಬೆರಳು ಗುಂಡಿಯಿಂದ ಜಾರಿತು. ಮಾತು ಗುಂಪಿಗೆ ಹೊರಟೇಹೋಯಿತು. ಮರುಕ್ಷಣ ಅವಳ ಮಣಿಕಟ್ಟು ಲಟಕ್ಕೆಂದಿತು.

ಕರೆಗಂಟೆ ಮೊಳಗಿತು. "ಮೇಡಂ, ಪೇಂಟಿಂಗ್ ಲೇನೇ ಆಯೇ ಹೈಂ." ಚಿತ್ರ ಒಯ್ಯಲು ಟೆಂಪೊದವರು ಬಂದಿದ್ದರು. ಹೊರಗಿನವರ ದನಿ ಕೇಳಿದ್ದೇ ತಡ, ಚಿದಂಬರ ಕೈಬಿಟ್ಟು ಅಂಗಿ ಸರಿಮಾಡಿಕೊಂಡ, ಮರ್ಯಾದಸ್ಥನಲ್ಲವೇ. ಧಾರಿಣಿ ಎಡಗೈಯಲ್ಲಿ ಫೋನು ಕಿತ್ತುಕೊಂಡು ಬಾಗಿಲು ತೆರೆದಳು. ಬಂದ ಇಬ್ಬರು ಅವಳ ಮುಖ ನೋಡಿದರು, ಅವನನ್ನು ನೋಡಿದರು. ಹರಿದದ್ದು, ಮುರಿದದ್ದು ಸೇರಿ ಏಳನ್ನೂ ಇಳಿಸಿದರು. ಅವರ ಹಿಂದೆಯೇ ಅವಳೂ ಇಳಿದಳು.

ಟೆಂಪೊದಲ್ಲಿ ಚಾಲಕನ ಪಕ್ಕ ಕೂತು ಫೋನು ನೋಡಿದಳು. ಎಪ್ಪತ್ತು ಜನರ ಗುಂಪು ತೆಪ್ಪಗಿತ್ತು. ದೇವಕಿಯೊಬ್ಬಳೇ, ತನ್ನ ಗಂಡನೂ ಇರುವ ಅದೇ ಗುಂಪಿನಲ್ಲಿ, ಬರೆದಿದ್ದಳು: 'ನಮ್ಮನೇಲೂ ಹಾಗೆ ಬಗ್ಗಿದ ತಟ್ಟೆ ಎರಡಿವೆ ಕಣೇ. ಆ ಚಿತ್ರದ ಗಾಡಿ ಹತ್ತಿ ಈ ಕಡೆ ತಿರುಗಿಸು. ನಾನೂ ಬರ್ತೀನಿ.'